ನಕ್ಷೆಯೊಳಗಿನ ಉದ್ಯಾನ: ಬೆಂಗಳೂರಿನ ಬಡಾವಣೆಯೊಂದರ ಹದಿನೈದು ವರ್ಷಗಳ ಹೋರಾಟ

1. ಪೀಠಿಕೆ

ನಗರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅಲ್ಲಿ ಕಟ್ಟಿದ್ದನ್ನು ಕುರಿತು ಬರೆಯುತ್ತಾರೆ. ಕೋಟೆ, ಪೇಟೆ, ಅರಮನೆ, ಗಿರಣಿ, ಕಚೇರಿ ಮೊದಲಾದವು ಯಾವಾಗ ಎದ್ದವು, ಯಾರು ಕಟ್ಟಿಸಿದರು, ಎಷ್ಟು ಖರ್ಚಾಯಿತು ಎಂಬ ವಿವರಗಳಿಗೆ ದಾಖಲೆಗಳು ಸಿಗುತ್ತವೆ. ಕಟ್ಟದೆ ಉಳಿಸಿದ ಜಾಗಕ್ಕೂ ಒಂದು ಚರಿತ್ರೆಯಿದೆ ಎಂಬುದು ನಮ್ಮ ಗಮನಕ್ಕೆ ಬರುವುದು ಕಡಿಮೆ. ಬಯಲೊಂದು ಬಯಲಾಗಿಯೇ ಉಳಿಯಬೇಕಾದರೆ ಅದಕ್ಕಾಗಿ ಯಾರಾದರೂ ದುಡಿದಿರಬೇಕು, ಕೆಲವೊಮ್ಮೆ ಹೋರಾಡಿರಬೇಕು. ಅಂಥ ದುಡಿಮೆಗೆ ಶಿಲಾಫಲಕವಿರುವುದಿಲ್ಲ.

ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ, ಸ್ಯಾಂಕಿ ಕೆರೆಯ ಸಮೀಪ, ಸಾರ್ವಜನಿಕ ಉದ್ಯಾನಕ್ಕೆಂದು ಮೀಸಲಾಗಿದ್ದ ಜಾಗವೊಂದನ್ನು ಅಲ್ಲಿನ ನಿವಾಸಿಗಳು ಉಳಿಸಿಕೊಂಡ ಬಗೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. 1976ರಲ್ಲಿ ಆರಂಭವಾದ ಈ ವ್ಯಾಜ್ಯ 1991ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನೊಂದಿಗೆ ಮುಗಿಯಿತು. ಕಾನೂನಿನ ವಿದ್ಯಾರ್ಥಿಗಳಿಗೆ ಇದು ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣವೆಂದು ಪರಿಚಿತ. ಕನ್ನಡದ ಚರಿತ್ರೆಕಾರರು ಮಾತ್ರ ಇದನ್ನು ವಕೀಲರಿಗೆ ಬಿಟ್ಟುಕೊಟ್ಟಂತಿದೆ. ಕರ್ನಾಟಕದ ಹೊರಗಿರುವ ಸಂಶೋಧಕರಿಗೆ ಈ ಪ್ರಸಂಗ ಎರಡು ಕಾರಣಗಳಿಂದ ಮುಖ್ಯವೆಂದು ನಾವು ಭಾವಿಸುತ್ತೇವೆ. ಒಂದು, ಕನ್ನಡ ನಾಡಿನ ಒಂದು ಬಡಾವಣೆಯಲ್ಲಿ ಹುಟ್ಟಿದ ತತ್ತ್ವ ಇಲ್ಲಿ ನಾಡಿನ ಗಡಿ ದಾಟಿ ಇತರ ನಗರಗಳ ಬಯಲುಗಳನ್ನು ಕಾಯಿತು. ಎರಡು, ಉದ್ಯಾನವೆಂಬ ಕಲ್ಪನೆ ನಮ್ಮ ಸಮಾಜದಲ್ಲಿ ಅರಸನ ಭೋಗದಿಂದ ಪ್ರಜೆಯ ಹಕ್ಕಿಗೆ ಹೇಗೆ ಬಂದಿತೆಂಬ ದೀರ್ಘ ಚರಿತ್ರೆಯ ಕೊನೆಯ ಘಟ್ಟವನ್ನು ಇದು ತೋರಿಸುತ್ತದೆ.

2. ಹೂದೋಟದಿಂದ ಸಾರ್ವಜನಿಕ ಉದ್ಯಾನಕ್ಕೆ

ಕನ್ನಡ ಕಾವ್ಯಪರಂಪರೆಗೆ ಉದ್ಯಾನ ಹೊಸದಲ್ಲ. ಮಹಾಕಾವ್ಯದಲ್ಲಿ ಇರಬೇಕಾದ ಅಷ್ಟಾದಶ ವರ್ಣನೆಗಳಲ್ಲಿ ಉದ್ಯಾನವೂ ಒಂದು. ಆದರೆ ಆ ಉದ್ಯಾನದಲ್ಲಿ ವಿಹರಿಸುವವರು ಅರಸ, ಅರಸಿ ಮತ್ತು ಅವರ ಪರಿವಾರ. ಶಾಸನಗಳಲ್ಲಿ ಬರುವ ಹೂದೋಟ ದೇವರಿಗೆ ಸೇರಿದ್ದು. ನಿತ್ಯಪೂಜೆಯ ಹೂವಿಗಾಗಿ ಭೂಮಿ ಬಿಟ್ಟ ಉಲ್ಲೇಖಗಳು ಹೇರಳವಾಗಿವೆ. ಮೂರನೆಯದಾಗಿ ಹಳ್ಳಿಯ ಗುಂಡುತೋಪು ಮತ್ತು ಗೋಮಾಳಗಳಿದ್ದುವು. ಇವು ಯಾರೊಬ್ಬರ ಸ್ವತ್ತೂ ಅಲ್ಲದ, ಊರಿಗೆಲ್ಲ ಬಳಕೆಯಾದ ಜಾಗಗಳು. ನೆರಳು, ಮೇವು, ಜಾತ್ರೆ, ದಾರಿಹೋಕರ ತಂಗುವಿಕೆ ಇವೆಲ್ಲಕ್ಕೂ ಅಲ್ಲಿ ಎಡೆಯಿತ್ತು. ಅರಸನ ವನ, ದೇವರ ತೋಟ, ಊರ ತೋಪು ಎಂಬ ಈ ಮೂರರಲ್ಲಿ ಆಧುನಿಕ ನಗರದ ಉದ್ಯಾನ ರೂಪದಲ್ಲಿ ಮೊದಲನೆಯದನ್ನು ಹೋಲುತ್ತದೆಯಾದರೂ ತತ್ತ್ವದಲ್ಲಿ ಮೂರನೆಯದಕ್ಕೆ ಹತ್ತಿರವಾದುದು.

ಬೆಂಗಳೂರಿನಲ್ಲಿ ಈ ಪರಿವರ್ತನೆಯ ಹೆಜ್ಜೆಗಳನ್ನು ಸ್ಪಷ್ಟವಾಗಿ ಗುರುತಿಸಬಹುದು. ಹೈದರಾಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗ್ ಅರಸನ ತೋಟವಾಗಿತ್ತು. ಹತ್ತೊಂಬತ್ತನೆಯ ಶತಮಾನದ ನಡುವೆ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ರಿಚರ್ಡ್ ಸ್ಯಾಂಕಿ 1870ರಲ್ಲಿ ರೂಪಿಸಿದ ಕಬ್ಬನ್ ಉದ್ಯಾನ ಮೊದಲಿನಿಂದಲೂ ಸರ್ಕಾರದ ಆವರಣವೇ ಆಗಿದ್ದು, ಕಚೇರಿ ಕಟ್ಟಡಗಳ ಸುತ್ತ ಹಬ್ಬಿತು. 1927ರಲ್ಲಿ ಅದಕ್ಕೆ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ಹೆಸರಿಟ್ಟರೂ ಜನರ ಬಾಯಲ್ಲಿ ಹಳೆಯ ಹೆಸರೇ ಉಳಿಯಿತು. ಇವೆರಡೂ ನಗರಕ್ಕೆಲ್ಲ ಸೇರಿದ ದೊಡ್ಡ ಉದ್ಯಾನಗಳು. ಮನೆಯಿಂದ ನಡೆದುಹೋಗಬಹುದಾದ, ಕೇರಿಯ ಮಕ್ಕಳು ಆಡಬಹುದಾದ ಚಿಕ್ಕ ಪಾರ್ಕಿನ ಕಥೆ ಬೇರೆ. ಅದು ಹುಟ್ಟಿದ್ದು ಬಡಾವಣೆಯೊಂದಿಗೆ.

3. ಬಡಾವಣೆ ಮತ್ತು ಅದರ ನಕ್ಷೆ

1890ರ ದಶಕದಲ್ಲಿ ಬಸವನಗುಡಿ ಮತ್ತು ಮಲ್ಲೇಶ್ವರಗಳ ಯೋಜನೆ ಸಿದ್ಧವಾಯಿತು. 1898ರ ಪ್ಲೇಗು ಜನರನ್ನು ಇಕ್ಕಟ್ಟಾದ ಪೇಟೆಯಿಂದ ಈ ಹೊಸ ಪ್ರದೇಶಗಳಿಗೆ ಅಟ್ಟಿತು. ಗಾಳಿ ಬೆಳಕು ಇಲ್ಲದಿದ್ದರೆ ರೋಗ ಬರುತ್ತದೆಂಬ ಅಂದಿನ ತಿಳಿವಳಿಕೆಯೇ ಅಗಲವಾದ ರಸ್ತೆ, ಮನೆಗಳ ಹಿಂದಿನ ಓಣಿ ಮತ್ತು ನಡುವಿನ ತೆರಪಿಗೆ ಕಾರಣವಾಯಿತು. ಹೀಗೆ ಬಡಾವಣೆಯ ಉದ್ಯಾನ ಅಲಂಕಾರವಾಗಿ ಬಂದುದಲ್ಲ, ಆರೋಗ್ಯದ ಏರ್ಪಾಡಾಗಿ ಬಂದುದು. ಮುಂದೆ ಆಸ್ಪತ್ರೆಗಾಗಿ ಉದ್ಯಾನವನ್ನು ಬಿಡಬೇಕೇ ಎಂಬ ಪ್ರಶ್ನೆ ಎದ್ದಾಗ ಈ ಸಂಗತಿಯನ್ನು ಯಾರೂ ನೆನೆಯಲಿಲ್ಲವೆಂಬುದು ಸೋಜಿಗ.

1945ರ ಬೆಂಗಳೂರು ನಗರಾಭಿವೃದ್ಧಿ ಶಾಸನದಿಂದ ಬಡಾವಣೆ ಕಟ್ಟುವ ಕೆಲಸಕ್ಕೆ ಕಾಯಂ ವ್ಯವಸ್ಥೆಯಾಯಿತು. ಅದರಂತೆ ರಚಿತವಾದ ವಿಶ್ವಸ್ತ ಮಂಡಲಿಯನ್ನು ಜನ ಸಿ.ಐ.ಟಿ.ಬಿ. ಎಂದೇ ಕರೆದರು. ಮಂಡಲಿ ಭೂಮಿಯನ್ನು ವಶಪಡಿಸಿಕೊಂಡು, ಯೋಜನೆ ತಯಾರಿಸಿ, ಸರ್ಕಾರದ ಮಂಜೂರಾತಿ ಪಡೆದು, ನಿವೇಶನಗಳನ್ನಾಗಿ ವಿಂಗಡಿಸಿ ಹಂಚುತ್ತಿತ್ತು. ರಸ್ತೆ ಎಲ್ಲಿ, ಮನೆ ಎಲ್ಲಿ, ಉದ್ಯಾನ ಎಲ್ಲಿ ಎಂಬುದು ಮಂಜೂರಾದ ನಕ್ಷೆಯಲ್ಲಿ ಇರಬೇಕಾಗಿತ್ತು. ನಿವೇಶನ ಕೊಂಡವರು ತಮ್ಮ ಪಾಲಿನ ಚದರಡಿಗಳನ್ನಷ್ಟೇ ಕೊಂಡವರಲ್ಲ. ಆ ನಕ್ಷೆಯನ್ನೂ ನಂಬಿ ಬಂದವರು. ಬಡಾವಣೆಯ ಜನಜೀವನದಲ್ಲಿ ನಕ್ಷೆಯೆಂಬುದು ಬರವಣಿಗೆಯಲ್ಲಿ ಕೊಟ್ಟ ಮಾತು ಎಂಬ ಅಂಶವನ್ನು ನಾವು ಇಲ್ಲಿ ಒತ್ತಿ ಹೇಳಬೇಕಾಗಿದೆ. ಉದ್ಯಾನವೆಂದು ಗುರುತಿಸಿದ ಜಾಗದಲ್ಲಿ ಒಂದು ಗಿಡವನ್ನೂ ನೆಡದಿರಬಹುದು, ಬೇಲಿ ಇಲ್ಲದಿರಬಹುದು, ದನಗಳು ಮೇಯುತ್ತಿರಬಹುದು. ಆದರೂ ಅದು ಉದ್ಯಾನವೇ. ಈ ಮಾತನ್ನು ಒಪ್ಪಿಸಲು ರಾಜಮಹಲ್ ವಿಲಾಸದ ನಿವಾಸಿಗಳಿಗೆ ಹದಿನೈದು ವರ್ಷ ಬೇಕಾಯಿತು.

ಈ ಬಡಾವಣೆಯ ಹೆಸರಿನಲ್ಲಿಯೇ ಅರಮನೆಯ ನೆನಪಿದೆ. ಜನಬಳಕೆಯಲ್ಲಿ ಇದು ಸದಾಶಿವನಗರ. ತಮ್ಮ ಸಂಪತ್ತನ್ನೆಲ್ಲ ಸ್ವಾತಂತ್ರ್ಯ ಹೋರಾಟಕ್ಕೂ ದೀನರ ಸೇವೆಗೂ ಧಾರೆಯೆರೆದು ಬರಿಗೈಯಾದ ಮಂಗಳೂರಿನ ಕಾರ್ನಾಡ್ ಸದಾಶಿವರಾಯರ (1881-1937) ಹೆಸರನ್ನು ಅದಕ್ಕೆ ಇಡಲಾಗಿದೆ. ಅದರ ಒತ್ತಿನಲ್ಲಿರುವ ಕೆರೆ, ಕಬ್ಬನ್ ಉದ್ಯಾನವನ್ನು ರೂಪಿಸಿದ ಅದೇ ಸ್ಯಾಂಕಿ 1882ರಲ್ಲಿ ಕಟ್ಟಿಸಿದ್ದು. ಅರಮನೆ, ಆಂಗ್ಲ ಎಂಜಿನಿಯರು, ಗಾಂಧೀಯುಗದ ತ್ಯಾಗಿ ಈ ಮೂವರ ನೆನಪೂ ಸೇರಿದ ನೆಲದಲ್ಲಿ ಸಾರ್ವಜನಿಕ ಸ್ವತ್ತಿನ ಅರ್ಥವನ್ನು ಕುರಿತ ವ್ಯಾಜ್ಯ ಹುಟ್ಟಿತು.

4. 1976ರ ಆದೇಶ

1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಶಾಸನ ಹಳೆಯ ಮಂಡಲಿಯ ಸ್ಥಾನದಲ್ಲಿ ಪ್ರಾಧಿಕಾರವನ್ನು ನಿಲ್ಲಿಸಿತು. ಹಿಂದಿನ ಶಾಸನದಡಿ ಮಂಜೂರಾಗಿದ್ದ ಯೋಜನೆಗಳು ಹೊಸ ಸಂಸ್ಥೆಯ ಹೊಣೆಯಾದವು. ಖಾಸಗಿ ವೈದ್ಯಕೀಯ ಟ್ರಸ್ಟೊಂದು ಆಸ್ಪತ್ರೆ ಕಟ್ಟಲು ನಿವೇಶನ ಕೇಳಿದ್ದು ಇದೇ ಕಾಲದಲ್ಲಿ. ಮುಖ್ಯಮಂತ್ರಿಗಳ ಮಟ್ಟದಲ್ಲಿ ಆರಂಭವಾದ ಈ ವಿಚಾರ 1976ರ ಮೇ 27 ಮತ್ತು ಜೂನ್ 11ರ ಸರ್ಕಾರಿ ಆದೇಶಗಳಾಗಿ ಹೊರಬಂದಿತು. ಜುಲೈ 14ರಂದು ಪ್ರಾಧಿಕಾರ ನಿರ್ಣಯ ಕೈಗೊಂಡು ಆ ಜಾಗವನ್ನು ಟ್ರಸ್ಟಿಗೆ ಹಂಚಿತು. ಮೊದಲ ಆದೇಶದಿಂದ ಹಂಚಿಕೆಯವರೆಗೆ ಎರಡು ತಿಂಗಳೂ ಹಿಡಿಯಲಿಲ್ಲ. ಆ ಯೋಜನೆಯಲ್ಲಿ ಸಾರ್ವಜನಿಕ ಉದ್ಯಾನ ಅಥವಾ ಆಟದ ಬಯಲಿಗೆಂದು ಉಳಿದಿದ್ದ ಜಾಗ ಅದೊಂದೇ ಎಂಬ ಮಾತು ಮುಂದೆ ನ್ಯಾಯಾಲಯದ ದಾಖಲೆಯಲ್ಲಿ ಬರುತ್ತದೆ.

ಅದು ತುರ್ತುಪರಿಸ್ಥಿತಿಯ ಕಾಲವೆಂಬುದನ್ನೂ ಚರಿತ್ರೆಕಾರರು ಮರೆಯುವಂತಿಲ್ಲ. ಸಭೆ, ಮೆರವಣಿಗೆ, ಪತ್ರಿಕೆ ಇವುಗಳ ಬಾಯಿಗೆ ಬೀಗ ಬಿದ್ದಿದ್ದ ದಿನಗಳು ಅವು. ಆದೇಶಕ್ಕೂ ಆ ವಾತಾವರಣಕ್ಕೂ ನೇರ ಸಂಬಂಧ ಕಲ್ಪಿಸಲು ನಾವು ಇಲ್ಲಿ ಹೊರಟಿಲ್ಲ. ಆದರೆ ಮೇಲಿನಿಂದ ಬಂದ ಇಚ್ಛೆಯನ್ನು ಶಾಸನಬದ್ಧ ಸಂಸ್ಥೆಯೊಂದು ಪ್ರಶ್ನಿಸದೆ ಜಾರಿಗೆ ತರುವ ರೂಢಿ ಯಾವ ಹೊತ್ತಿನಲ್ಲಿ ಬಲಿಯಿತೆಂಬುದನ್ನು ಅರಿಯಲು ಈ ಕಾಲಸೂಚನೆ ಉಪಯುಕ್ತ.

ನಿವಾಸಿಗಳ ಇಕ್ಕಟ್ಟು ಸಾಮಾನ್ಯವಾದುದಲ್ಲ. ಅವರ ಎದುರಿಗೆ ನಿಂತದ್ದು ಮದ್ಯದ ಅಂಗಡಿಯಾಗಲಿ ಕಾರ್ಖಾನೆಯಾಗಲಿ ಅಲ್ಲ, ಆಸ್ಪತ್ರೆ. ಆಸ್ಪತ್ರೆ ಬೇಡವೆಂದವರನ್ನು ಲೋಕ ಸ್ವಾರ್ಥಿಗಳೆನ್ನುತ್ತದೆ. ಉದ್ಯಾನದ ಮೇಲೆ ಕಣ್ಣಿಟ್ಟ ಪ್ರಸ್ತಾವಗಳು ಬಹುಮಟ್ಟಿಗೆ ಹೀಗೆಯೇ ಬರುತ್ತವೆ. ಶಾಲೆ, ಛತ್ರ, ಸಮುದಾಯ ಭವನ, ಶಾಸಕರಿಗೆ ವಸತಿ ಎಂದು ಪ್ರತಿಯೊಂದಕ್ಕೂ ಒಂದು ಒಳ್ಳೆಯ ಹೆಸರಿರುತ್ತದೆ. ಇವುಗಳ ಮುಂದೆ ಬರಿಯ ಬಯಲಿನ ಪ್ರಯೋಜನವನ್ನು ಸಾಧಿಸಿ ತೋರಿಸುವುದು ಕಷ್ಟ.

5. ನ್ಯಾಯಾಲಯದಲ್ಲಿ

ನಿವಾಸಿಗಳು ಉಚ್ಚ ನ್ಯಾಯಾಲಯದಲ್ಲಿ ರಿಟ್ ಅರ್ಜಿ ಹಾಕಿದರು. ಏಕಸದಸ್ಯ ಪೀಠ ಅದನ್ನು ವಜಾ ಮಾಡಿತು. ಆಸ್ಪತ್ರೆಯೂ ನಾಗರಿಕ ಸೌಲಭ್ಯವೇ, ಆದುದರಿಂದ ಹಂಚಿಕೆ ಸಿಂಧು ಎಂಬುದು ಅದರ ನಿಲುವು. ಮೇಲ್ಮನವಿಯಲ್ಲಿ ವಿಭಾಗೀಯ ಪೀಠ ಈ ತೀರ್ಮಾನವನ್ನು ತಿರುಗಿಸಿತು. ಮಂಜೂರಾದ ಯೋಜನೆಯಲ್ಲಿ ಉದ್ಯಾನಕ್ಕೆ ಮೀಸಲಾದ ಜಾಗವನ್ನು ಬೇರೆ ಉದ್ದೇಶಕ್ಕೆ ಕೊಡಲು ಪ್ರಾಧಿಕಾರಕ್ಕೆ ಅಧಿಕಾರವಿಲ್ಲ. ಹಾಗೆ ಮೀಸಲಾಗದ ಬೇರೊಂದು ನಿವೇಶನವನ್ನು ಆಸ್ಪತ್ರೆಗೆ ಕೊಡಲು ಅಡ್ಡಿಯೂ ಇಲ್ಲ ಎಂದು ಅದು ಹೇಳಿತು. ಈ ಎರಡನೆಯ ಮಾತು ಮುಖ್ಯ. ಆಸ್ಪತ್ರೆಯೋ ಉದ್ಯಾನವೋ ಎಂಬ ಸುಳ್ಳು ಆಯ್ಕೆಯನ್ನು ಅದು ಒಡೆಯಿತು.

ಟ್ರಸ್ಟು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ನ್ಯಾಯಮೂರ್ತಿಗಳಾದ ಟಿ. ಕೆ. ತೊಮ್ಮೆನ್ ಮತ್ತು ಆರ್. ಎಂ. ಸಹಾಯ್ 1991ರ ಜುಲೈ 19ರಂದು ಮೇಲ್ಮನವಿಯನ್ನು ತಳ್ಳಿಹಾಕಿದರು. ಇಬ್ಬರೂ ಪ್ರತ್ಯೇಕ ತೀರ್ಪು ಬರೆದರೂ ಫಲಿತ ಒಂದೇ. ಅವುಗಳ ವಾದಸರಣಿಯನ್ನು ಮೂರು ಅಂಶಗಳಲ್ಲಿ ಸಂಗ್ರಹಿಸಬಹುದು.

ಮೊದಲನೆಯದು ಅಧಿಕಾರದ ಮಿತಿ. ಪ್ರಾಧಿಕಾರಕ್ಕೆ ನಿರ್ದೇಶನ ಕೊಡಲು ಶಾಸನ ಸರ್ಕಾರಕ್ಕೆ ಅವಕಾಶ ಕೊಟ್ಟಿದೆ, ನಿಜ. ಆದರೆ ಆ ನಿರ್ದೇಶನ ಶಾಸನದ ಉದ್ದೇಶವನ್ನು ಈಡೇರಿಸಲು ಇರಬೇಕೇ ಹೊರತು ಅದನ್ನು ಕೆಡಿಸಲು ಅಲ್ಲ. ಯೋಜನೆಯನ್ನು ಮಾರ್ಪಡಿಸುವ ಅಧಿಕಾರವೂ ಅದನ್ನು ಉತ್ತಮಗೊಳಿಸುವುದಕ್ಕಾಗಿ ಇದೆ. ಯಾರಾದರೂ ಒಬ್ಬರ ಅಪೇಕ್ಷೆಯಂತೆ, ಅವರು ಎಷ್ಟೇ ಉನ್ನತ ಸ್ಥಾನದಲ್ಲಿರಲಿ, ಸಂಸ್ಥೆ ತನ್ನ ವಿವೇಚನೆಯನ್ನು ಬಿಟ್ಟುಕೊಡುವಂತಿಲ್ಲ.

ಎರಡನೆಯದು ಉದ್ಯಾನದ ಸ್ವರೂಪ. ತೆರೆದ ಬಯಲು, ಮಕ್ಕಳ ಆಟದ ಜಾಗ, ಶುದ್ಧ ಗಾಳಿ ಇವು ಸಾರ್ವಜನಿಕ ಹಿತದ ವಿಷಯಗಳೆಂದೂ, ಅಂಥ ಜಾಗವನ್ನು ಖಾಸಗಿಯವರಿಗೆ ಗೇಣಿಗೆ ಕೊಟ್ಟು ಅಥವಾ ಮಾರಿ ಬೇರೆ ಬಳಕೆಗೆ ತಿರುಗಿಸುವುದು ಸಲ್ಲದೆಂದೂ ನ್ಯಾಯಮೂರ್ತಿ ತೊಮ್ಮೆನ್ ವಿವರಿಸಿದರು. ನ್ಯಾಯಮೂರ್ತಿ ಸಹಾಯ್ ಚರಿತ್ರೆಯ ಕಡೆಗೆ ತಿರುಗಿದರು. ಉದ್ಯಾನ ಒಂದು ಕಾಲಕ್ಕೆ ಶ್ರೀಮಂತರ ಮತ್ತು ಅರಸೊತ್ತಿಗೆಯ ಸವಲತ್ತಾಗಿತ್ತು. ಸಾರ್ವಜನಿಕ ಉದ್ಯಾನ ಹತ್ತೊಂಬತ್ತು ಇಪ್ಪತ್ತನೆಯ ಶತಮಾನಗಳಲ್ಲಿ ಸಮಾನತೆಯ ಕಲ್ಪನೆಯೊಂದಿಗೆ ಬೆಳೆಯಿತು. ಅದು ಜನರು ತಮಗೆ ತಾವೇ ಕೊಟ್ಟುಕೊಂಡ ಕೊಡುಗೆ ಎಂಬುದು ಅವರ ಮಾತಿನ ಸಾರ. ಕಾವ್ಯದ ಉದ್ಯಾನವರ್ಣನೆಯಿಂದ ಬಡಾವಣೆಯ ಪಾರ್ಕಿನವರೆಗೆ ನಾವು ಮೇಲೆ ಎಳೆದ ಗೆರೆಯನ್ನೇ ನ್ಯಾಯಪೀಠವೂ ಬೇರೊಂದು ದಾರಿಯಿಂದ ಎಳೆಯಿತೆನ್ನಬಹುದು.

ಮೂರನೆಯದು ಪ್ರಶ್ನಿಸುವ ಹಕ್ಕು. ಜಾಗ ನಿಮ್ಮದಲ್ಲ, ನಿಮಗಾದ ನಷ್ಟವೇನು ಎಂಬ ಪ್ರಶ್ನೆ ಇಂಥ ಪ್ರಕರಣಗಳಲ್ಲಿ ಮೊದಲು ಏಳುತ್ತದೆ. ತಾನಿರುವ ಪ್ರದೇಶದ ಉದ್ಯಾನವನ್ನು ಉಳಿಸಿಕೊಳ್ಳುವುದರಲ್ಲಿ ನಿವಾಸಿಗೆ ನ್ಯಾಯಾಲಯ ಮನ್ನಿಸತಕ್ಕ ಹಿತಾಸಕ್ತಿ ಇದೆಯೆಂದು ತೀರ್ಪು ಒಪ್ಪಿತು. ಎಲ್ಲರಿಗೂ ಸೇರಿದ್ದು ಯಾರಿಗೂ ಸೇರಿದ್ದಲ್ಲ ಎಂಬ ಆಡಳಿತದ ವಾದಕ್ಕೆ ಇದು ಉತ್ತರ. ಎಲ್ಲರಿಗೂ ಸೇರಿದ್ದನ್ನು ಕೇಳಲು ಯಾರು ಬೇಕಾದರೂ ಮುಂದೆ ಬರಬಹುದು.

6. ಶಾಸನಗಳೂ ಇತರ ನಗರಗಳೂ

ವ್ಯಾಜ್ಯ ನಡೆಯುತ್ತಿದ್ದಾಗಲೇ ಶಾಸನವೂ ಬದಲಾಗುತ್ತಿತ್ತು. 1984ರ ತಿದ್ದುಪಡಿ ಪ್ರತಿ ಬಡಾವಣೆಯ ವಿಸ್ತೀರ್ಣದಲ್ಲಿ ಶೇಕಡ 15 ಭಾಗವನ್ನು ಉದ್ಯಾನ ಮತ್ತು ಆಟದ ಬಯಲಿಗೂ, ಅದಲ್ಲದೆ ಶೇಕಡ 10 ಭಾಗವನ್ನು ನಾಗರಿಕ ಸೌಲಭ್ಯಗಳಿಗೂ ಮೀಸಲಿಡಬೇಕೆಂದಿತು. ಎರಡನ್ನೂ ಬೇರೆಬೇರೆಯಾಗಿ ಎಣಿಸಿದ್ದು ಗಮನಾರ್ಹ. ಸೌಲಭ್ಯದ ಹೆಸರಿನಲ್ಲಿ ಉದ್ಯಾನವನ್ನು ನುಂಗುವ ದಾರಿಯನ್ನು ಇದು ಮುಚ್ಚಿತು. ಮೀಸಲು ಜಾಗವನ್ನು ಬೇರೆ ಉದ್ದೇಶಕ್ಕೆ ವಿಲೇವಾರಿ ಮಾಡಿದರೆ ಅದು ಅಸಿಂಧುವೆಂದು 38ಎ ವಿಧಿ ಸಾರಿತು. ಮರುವರ್ಷ, 1985ರಲ್ಲಿ, ಉದ್ಯಾನ, ಆಟದ ಬಯಲು ಮತ್ತು ತೆರೆದ ಪ್ರದೇಶಗಳ ಸಂರಕ್ಷಣೆಗೆ ಪ್ರತ್ಯೇಕ ಶಾಸನ ಬಂದಿತು. ಸರ್ಕಾರಿ ಉದ್ಯಾನಗಳ ಸಂರಕ್ಷಣೆಯ ಶಾಸನ 1975ರಲ್ಲಿಯೇ ಬಂದಿತ್ತು.

ತೀರ್ಪು ಬೆಂಗಳೂರಿನಲ್ಲಿ ನಿಲ್ಲಲಿಲ್ಲ. ಹರಿಯಾಣದ ಥಾನೇಸರದಲ್ಲಿ ಯೋಜನೆಯಂತೆ ತೆರಪಾಗಿ ಉಳಿಯಬೇಕಾಗಿದ್ದ ಜಾಗವನ್ನು ಧರ್ಮಶಾಲೆಗೆ ಕೊಟ್ಟದ್ದನ್ನು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ರದ್ದುಪಡಿಸಿತು. ಅದೇ ವರ್ಷ ದೆಹಲಿಯ ಸರಿತಾ ವಿಹಾರದಲ್ಲಿ ಉದ್ಯಾನದ ಜಾಗವನ್ನು ಶಿಶುವಿಹಾರಕ್ಕೆ ಹಂಚಿದ್ದೂ ಬಿದ್ದುಹೋಯಿತು. ಲಖನೌದ ಅಮೀನಾಬಾದಿನಲ್ಲಿ ಸ್ವಾತಂತ್ರ್ಯ ಚಳವಳಿಯ ಸಭೆಗಳಿಗೆ ಹೆಸರಾದ ಉದ್ಯಾನದ ಅಡಿಯಲ್ಲಿ ನೆಲಮಾಳಿಗೆಯ ಅಂಗಡಿ ಸಂಕೀರ್ಣ ಕಟ್ಟಿದ್ದನ್ನು ಕೆಡವಿ, ಉದ್ಯಾನವನ್ನು ಮೊದಲಿನಂತೆ ಮಾಡಬೇಕೆಂದು 1999ರಲ್ಲಿ ಆಜ್ಞೆಯಾಯಿತು; ಅಲ್ಲಿ ಬೆಂಗಳೂರಿನ ತೀರ್ಪೇ ಒಂದು ಮುಖ್ಯ ಆಧಾರ. ಹೊರನಾಡಿನ ಕನ್ನಡಿಗರು ತಾವಿರುವ ನಗರಗಳಿಗೆ ಕನ್ನಡ ನಾಡಿನ ಕೊಡುಗೆಗಳನ್ನು ಎಣಿಸುವಾಗ ಇದನ್ನೂ ಸೇರಿಸಬಹುದು.

ಆದರೂ ಶಾಸನ ಮತ್ತು ತೀರ್ಪುಗಳಿಂದಲೇ ಕಾವಲು ಮುಗಿಯಲಿಲ್ಲ. 1998ರಲ್ಲಿ ಕಬ್ಬನ್ ಉದ್ಯಾನದ ಒಂದು ಭಾಗವನ್ನು 1975ರ ಶಾಸನದ ರಕ್ಷಣೆಯಿಂದ ಕೈಬಿಡಲು ಸರ್ಕಾರ ಮುಂದಾದಾಗ ನಾಗರಿಕರು ಬೀದಿಗಿಳಿದು ಧರಣಿ ಕುಳಿತರು. ಶಾಸಕರ ವಸತಿಯ ವಿಸ್ತರಣೆ ಅಂದಿನ ವಿವಾದದ ಒಂದು ಎಳೆ. ನಗರದ ಹೃದಯದಲ್ಲಿರುವ, ಶಾಸನವೇ ಹೆಸರಿಸಿ ಕಾಯ್ದ ಉದ್ಯಾನಕ್ಕೇ ಈ ಸ್ಥಿತಿ ಬಂದಿತೆಂದರೆ, ಹೆಸರಿಲ್ಲದ ಮೂಲೆಯ ಪಾರ್ಕುಗಳ ಪಾಡನ್ನು ಊಹಿಸಬಹುದು.

7. ಹೋರಾಟದ ಮಿತಿ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಆಕ್ಷೇಪವನ್ನು ಎದುರಿಸದಿದ್ದರೆ ವಿವೇಚನೆ ಅಪೂರ್ಣವಾಗುತ್ತದೆ. ರಾಜಮಹಲ್ ವಿಲಾಸ ಅನುಕೂಲಸ್ಥರ ಬಡಾವಣೆ. ಮನೆಗಳಿಗೆ ಸ್ವಂತ ಅಂಗಳವೂ ತೋಟವೂ ಇರುವಲ್ಲಿನ ಜನ, ನ್ಯಾಯಾಲಯಗಳ ಖರ್ಚನ್ನು ವರ್ಷಗಟ್ಟಲೆ ಹೊರಬಲ್ಲವರು, ಉದ್ಯಾನವನ್ನು ಉಳಿಸಿಕೊಂಡರು. ಉಳಿದವರ ಗತಿಯೇನು?

ಈ ಆಕ್ಷೇಪದಲ್ಲಿ ಬಲವಿದೆ. ನಾವು ಕಂಡಂತೆ, ನಿವಾಸಿಗಳ ಕೈಯಲ್ಲಿದ್ದ ಏಕೈಕ ಆಯುಧ ಮಂಜೂರಾದ ನಕ್ಷೆ. ಬೆಂಗಳೂರಿನ ಸುತ್ತ ಹೊಲಗದ್ದೆಗಳನ್ನು ತುಂಡುಮಾಡಿ ಮಾರಿದ ರೆವಿನ್ಯೂ ನಿವೇಶನಗಳಲ್ಲಿ ಮನೆ ಕಟ್ಟಿಕೊಂಡವರಿಗೆ ಅಂಥ ನಕ್ಷೆಯೇ ಇಲ್ಲ. ಅಲ್ಲಿ ಉದ್ಯಾನವನ್ನು ಕಬಳಿಸುವ ಪ್ರಶ್ನೆಯೇ ಏಳುವುದಿಲ್ಲ, ಏಕೆಂದರೆ ಉದ್ಯಾನವನ್ನು ಬಿಟ್ಟೇ ಇಲ್ಲ. ನಗರ ಬೆಳೆಯುತ್ತ ನುಂಗಿದ ಹಳ್ಳಿಗಳ ಗುಂಡುತೋಪು ಮತ್ತು ಗೋಮಾಳಗಳ ಪರವಾಗಿ ಹೀಗೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ ನಿಲ್ಲುವ ಶಕ್ತಿ ಆ ಹಳ್ಳಿಗರಿಗಿರಲಿಲ್ಲ. ಆ ತೋಪುಗಳ ಮೇಲೆಯೇ ಎಷ್ಟೋ ಬಡಾವಣೆಗಳು ಎದ್ದಿವೆ ಎಂಬುದೂ ಸತ್ಯ. ನಕ್ಷೆಯುಳ್ಳವನಿಗೆ ಹಕ್ಕು, ನಕ್ಷೆಯಿಲ್ಲದವನಿಗೆ ಅಳಲು ಎಂಬ ವಿಂಗಡಣೆ ಈ ವಿಜಯದ ಇನ್ನೊಂದು ಮುಖ.

ಆದರೆ ಈ ಮಿತಿಯಿಂದ ವಿಜಯ ಸಣ್ಣದಾಗುವುದಿಲ್ಲ. ಉದ್ಯಾನದ ಬಾಗಿಲಲ್ಲಿ ಮನೆಯ ಪತ್ರ ಕೇಳುವವರಿಲ್ಲ. ಮನೆಗೆಲಸದವರ ಮಕ್ಕಳೂ, ಮಧ್ಯಾಹ್ನ ನೆರಳು ಹುಡುಕುವ ಗಾರೆ ಕೆಲಸದವರೂ, ಬುತ್ತಿ ಬಿಚ್ಚುವ ದಾರಿಹೋಕರೂ ಅಲ್ಲಿಗೆ ಬರಬಹುದು. ಖಾಸಗಿ ಆಸ್ಪತ್ರೆಯ ಬಾಗಿಲು ಹಾಗೆ ಎಲ್ಲರಿಗೂ ತೆರೆದಿರುತ್ತದೆಯೇ ಎಂಬ ಪ್ರಶ್ನೆಗೆ ಉತ್ತರವನ್ನು ಓದುಗರೇ ಬಲ್ಲರು.

8. ಉಪಸಂಹಾರ

ಈ ಪ್ರಸಂಗದಿಂದ ನಾವು ಪಡೆಯುವ ನಿರ್ಣಯ ಇಷ್ಟು. ಉದ್ಯಾನವನ್ನು ಉಳಿಸಿದ್ದು ಅದರ ಮರಗಳ ಚೆಲುವಲ್ಲ, ಆಳುವವರ ಔದಾರ್ಯವೂ ಅಲ್ಲ. ಹಳೆಯ ಕಾಗದವೊಂದನ್ನು ತೆಗೆದು, ಇಲ್ಲಿ ಹೀಗೆ ಬರೆದಿದೆ, ಇದನ್ನು ನಡೆಸಿಕೊಡಿ ಎಂದು ಕೇಳಿದ ಜನರ ಹಟ ಅದನ್ನು ಉಳಿಸಿತು. ದಾನಶಾಸನದ ಕೊನೆಯಲ್ಲಿ ಅದನ್ನು ಅಳಿದವರಿಗೆ ಶಾಪ ಹಾಕುವ ಪದ್ಧತಿ ನಮ್ಮ ಪೂರ್ವಿಕರಲ್ಲಿತ್ತು. ಕೊಟ್ಟದ್ದನ್ನು ಮುಂದೆ ಬರುವವರು ಕಿತ್ತುಕೊಳ್ಳಬಹುದೆಂಬ ಅಂಜಿಕೆ ಅವರಿಗೂ ಇತ್ತು. ಶಾಪದ ಸ್ಥಾನದಲ್ಲಿ ಇಂದು 38ಎ ವಿಧಿ ಇದೆ. ಎರಡಕ್ಕೂ ಬಲ ಬರುವುದು ಅದನ್ನು ಓದಿ ಹೇಳುವವರು ಊರಿನಲ್ಲಿರುವವರೆಗೆ ಮಾತ್ರ.

ಸಂಶೋಧನೆಯ ದೃಷ್ಟಿಯಿಂದ ಒಂದು ಮಾತು. ತೀರ್ಪಿನಲ್ಲಿ ಆದೇಶಗಳ ದಿನಾಂಕಗಳಿವೆ, ವಿಧಿಗಳ ಸಂಖ್ಯೆಗಳಿವೆ. ನಿವಾಸಿಗಳು ಯಾರ ಮನೆಯ ಜಗಲಿಯಲ್ಲಿ ಸೇರಿದರು, ಚಂದಾ ಎತ್ತಿದ್ದು ಹೇಗೆ, ಸೋತಾಗ ಕೈಬಿಡೋಣವೆಂದವರನ್ನು ಒಲಿಸಿದ್ದು ಹೇಗೆ ಎಂಬುದಿಲ್ಲ. ವ್ಯಾಜ್ಯದ ಭಾಷೆ ಇಂಗ್ಲಿಷಾಗಿತ್ತು. ಆ ಮಾತುಕತೆಯ ಭಾಷೆ ಬಹುಪಾಲು ಕನ್ನಡವೇ ಇದ್ದಿರಬೇಕು. ಬಡಾವಣೆ, ಮೂಲೆ ಸೈಟು, ಸಿ.ಎ. ಸೈಟು, ರೆವಿನ್ಯೂ ಸೈಟು ಎಂಬ ಪದಗಳನ್ನು ಕಡೆದುಕೊಂಡ ಕನ್ನಡದ ನಗರಜೀವನ ತನ್ನ ಬಯಲುಗಳ ಚರಿತ್ರೆಯನ್ನು ಇನ್ನೂ ಬರೆದುಕೊಂಡಿಲ್ಲ. ಆ ಕಾಲವನ್ನು ಕಂಡವರು ಇರುವಾಗಲೇ ಅವರ ಮೌಖಿಕ ನೆನಪುಗಳನ್ನು ಸಂಗ್ರಹಿಸುವುದು, ಸಂಘಗಳ ಕಡತಗಳನ್ನೂ ಬಡಾವಣೆಗಳ ಹಳೆಯ ನಕ್ಷೆಗಳನ್ನೂ ರಕ್ಷಿಸುವುದು ತುರ್ತಾಗಿ ಆಗಬೇಕಾದ ಕೆಲಸ. ನಕ್ಷೆ ಕಳೆದರೆ ಉದ್ಯಾನ ಕಳೆಯುತ್ತದೆ ಎಂಬುದನ್ನು ಸ್ಯಾಂಕಿ ಕೆರೆಯ ಬಳಿಯ ಆ ತುಂಡು ನೆಲ ನಮಗೆ ಕಲಿಸಿದೆ.